ಥೈಮಸ್ ಗಡ್ಡೆಗೆ ಬಯಾಪ್ಸಿ ಇಲ್ಲದೇ ಆಪರೇಷನ್ನಾ?

ಉಣಕಲ್ ಹುಡುಗ: ಅವ್ವನಿಗೆ 52 ವರ್ಷ. ಸಂಜೆಯಾದರೆ ರೆಪ್ಪೆ ಜೋತು ಬೀಳುತ್ತದೆ, ರೊಟ್ಟಿ ಅಗಿಯಲೂ ಸುಸ್ತು. ಹುಬ್ಬಳ್ಳಿಯಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿದಾಗ ಎದೆಮೂಳೆ ಹಿಂದೆ 4 ಸೆಂ.ಮೀ. ಗಡ್ಡೆ ಕಂಡಿದೆ. ಥೈಮೋಮಾ (ಎದೆಮೂಳೆ ಹಿಂದಿನ ಥೈಮಸ್ ಗ್ರಂಥಿಯ ಗಡ್ಡೆ) ಇರಬಹುದು, ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು) ಬೇಡ, ನೇರ ಆಪರೇಷನ್ ಅಂದರು. ಕಣ್ಣಿಗೂ ಎದೆಗೂ ಏನು ಸಂಬಂಧ?

ಗದಗಿನ ಅಕ್ಕ: ಸಂಬಂಧ ಇದೆ ತಮ್ಮಾ. ಮಯಸ್ತೇನಿಯಾ ಗ್ರೇವಿಸ್ ಅಂತ ಸ್ನಾಯು ಬೇಗ ಸುಸ್ತಾಗುವ ಕಾಯಿಲೆ ಇರಬಹುದು. ನರದಿಂದ ಸ್ನಾಯುವಿಗೆ ಹೋಗುವ ಸಂದೇಶಕ್ಕೆ ನಮ್ಮದೇ ಆಂಟಿಬಾಡಿ (ರೋಗದ ವಿರುದ್ಧ ಹೋರಾಡಲು ದೇಹ ಮಾಡುವ ಪ್ರೋಟೀನ್) ಅಡ್ಡ ಬರುತ್ತದೆ. ಥೈಮೋಮಾ ಇರುವ ಸುಮಾರು ಮೂವರಲ್ಲಿ ಒಬ್ಬರಿಗೆ ಇದು ಇರುತ್ತದೆ. ಇದನ್ನು ಪತ್ತೆಹಚ್ಚುವ ಅಸೆಟೈಲ್‌ಕೋಲಿನ್ ರಿಸೆಪ್ಟರ್ ಆಂಟಿಬಾಡಿ ರಕ್ತಪರೀಕ್ಷೆ ಆಪರೇಷನ್‌ಗೆ ಮೊದಲೇ ಆಗಲಿ, ಯಾಕೆಂದರೆ ಅರಿವಳಿಕೆ ಡಾಕ್ಟರಿಗೆ ಇದು ಗೊತ್ತಿಲ್ಲದಿದ್ದರೆ ಆಮೇಲೆ ಉಸಿರಾಟಕ್ಕೇ ತೊಂದರೆ ಆಗಬಹುದು. ನರರೋಗ ತಜ್ಞರನ್ನೂ ಕಾಣಿ.

ಸಪ್ತಾಪುರದವ: ಬಯಾಪ್ಸಿ ಬೇಡ ಅಂದಿದ್ದು ಸರಿಯೇ ಇರಬಹುದು, ಸುಮ್ನೆ ಗಾಬರಿ ಬೇಡ. ಸ್ಕ್ಯಾನಿನಲ್ಲಿ ಥೈಮೋಮಾದಂತೆಯೇ ಕಂಡು, ಪೂರ್ತಿ ತೆಗೆಯಲು ಬರುವಂತಿದ್ದರೆ ಸೂಜಿ ಚುಚ್ಚುವುದಿಲ್ಲ. ಗಡ್ಡೆಯ ಹೊದಿಕೆ ಒಡೆದು ಅದರ ಕಣಗಳು ಹರಡಬಾರದು ಅಲ್ವಾ? ಲಿಂಫೋಮಾ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್) ಅನುಮಾನವಿದ್ದರೆ, ಅಥವಾ ಅಕ್ಕಪಕ್ಕ ಜಾಸ್ತಿ ಹಬ್ಬಿದ್ದರೆ ಬಯಾಪ್ಸಿ ಬೇಕೇ ಬೇಕು. ಹಬ್ಬಿದ ಥೈಮೋಮಾಕ್ಕೆ ಮೊದಲು ಕೀಮೋ ಕೊಟ್ಟು ಕುಗ್ಗಿಸುವುದೂ ಉಂಟು.

ಉಣಕಲ್ ಹುಡುಗ: ಆಪರೇಷನ್ ಆದಮೇಲೆ ರೇಡಿಯೇಷನ್?

ಸಪ್ತಾಪುರದವ: ತೆಗೆದ ಗಡ್ಡೆಯ ವರದಿ ಬಂದಮೇಲೆ ತೀರ್ಮಾನ. ಹೊದಿಕೆಯೊಳಗೇ ಇದ್ದು ಪೂರ್ತಿ ಬಂದಿದ್ದರೆ ಸಾಮಾನ್ಯವಾಗಿ ಬೇಡ. ಸ್ಕ್ಯಾನ್ ಮಾತ್ರ ವರ್ಷಗಟ್ಟಲೆ ಮಾಡಿಸುತ್ತಿರಬೇಕು, ತಡವಾಗಿಯೂ ಮರಳುವ ಗಡ್ಡೆ ಇದು.