ಸಹಾಯ ಬೇಕು: ಲೈಬ್ರರಿಯ ವಿಡಿಯೋ ಕಾರ್ಯಕ್ರಮಕ್ಕೆ ಯಾವ ಮೈಕ್?

ಎಲ್ಲರಿಗೂ ನಮಸ್ಕಾರ. ನಾನು ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ತಿಂಗಳಿಗೊಮ್ಮೆ ದೂರದ ಲೇಖಕರನ್ನೋ ವೈದ್ಯರನ್ನೋ ಜೂಮ್‌ನಲ್ಲಿ ಕರೆಸಿ ಓದುಗರ ಜೊತೆ ಮಾತಾಡಿಸುತ್ತೇವೆ. ಹಾಲ್‌ನಲ್ಲಿ ಸುಮಾರು 30 ಜನ ಇರುತ್ತಾರೆ, ಇನ್ನೊಂದಿಷ್ಟು ಜನ ಮನೆಯಿಂದಲೇ ಸೇರುತ್ತಾರೆ.

ಚಿತ್ರ ಚೆನ್ನಾಗಿಯೇ ಬರುತ್ತದೆ. ತಲೆನೋವೆಲ್ಲ ದನಿಯದ್ದು. ಲ್ಯಾಪ್‌ಟಾಪ್ ಮುಂದಿನ ಮೇಜಿನ ಮೇಲಿರುತ್ತದೆ. ಹಿಂದಿನ ಸಾಲಿನವರು ಏನಾದರೂ ಕೇಳಿದರೆ ಆ ಕಡೆಯವರಿಗೆ ಬರೀ ಗುಜುಗುಜು. ಕಳೆದ ಸಲ ಒಬ್ಬ ಅಜ್ಜಿ ಎದ್ದು ಹೋಗಿ, ಪ್ರೊಜೆಕ್ಟರ್ ಪರದೆಯ ಹತ್ತಿರ ಬಾಯಿಟ್ಟು ಪ್ರಶ್ನೆ ಕೇಳಿದರು. ಮೈಕ್ ಅಲ್ಲಿಲ್ಲ ಅಜ್ಜಿ ಅಂತ ಹೇಳೋಕೆ ಮನಸ್ಸೇ ಬರಲಿಲ್ಲ! ನಾನೇ ಪ್ರಶ್ನೆಯನ್ನು ಮತ್ತೆ ಓದಿ ಹೇಳಿದೆ.

ಹಾಲ್‌ನಲ್ಲಿ ಕೂತವರು ಫೋನಿನಲ್ಲೂ ಸೇರಿಕೊಂಡರೆ ಕಿವಿ ಹರಿಯುವಂಥ ಕೀರಲು ಸದ್ದು. ಒಂದು ಸ್ಪೀಕರಿನ ದನಿ ಇನ್ನೊಂದು ಮೈಕಿಗೆ ಹೋಗಿ ಸುತ್ತುತ್ತದೆ ಅಂತ ಆಮೇಲೆ ಗೊತ್ತಾಯಿತು. ಈಗ ಅವರ ಫೋನಿನ ಮೈಕ್, ಸ್ಪೀಕರ್ ಎರಡನ್ನೂ ಬಂದ್ ಮಾಡಿಸುತ್ತೇವೆ. ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಕರೆ ಕಟ್ಟಾಗುತ್ತದೆ, ಅದು ಸರಿಯಾಗಿ ಪ್ರಶ್ನೋತ್ತರದ ಹೊತ್ತಿಗೇ. ದುಡ್ಡು ಕೊಟ್ಟು ಖಾತೆ ತೆಗೆದುಕೊಳ್ಳಲು ಮೇಲಿನವರನ್ನು ಹೇಗೋ ಒಪ್ಪಿಸುತ್ತೇನೆ.

ನನಗೆ ಬೇಕಾಗಿರುವುದು ಇಷ್ಟು. ಮೇಜಿನ ಮಧ್ಯೆ ಇಡುವ, ಮೈಕ್ ಮತ್ತು ಸ್ಪೀಕರ್ ಒಂದರಲ್ಲೇ ಇರುವ ಸ್ಪೀಕರ್‌ಫೋನ್ ಇಷ್ಟು ಜನಕ್ಕೆ ಸಾಕಾಗುತ್ತಾ? ಅಥವಾ ಕೈಯಿಂದ ಕೈಗೆ ದಾಟಿಸುವ ವೈರ್‌ಲೆಸ್ ಮೈಕೇ ವಾಸಿಯಾ? ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವುದು ಹೇಗೆ? ಇನ್ನೊಂದು, ಕೆಲವರಿಗೆ ತಮ್ಮ ಮುಖ ರೆಕಾರ್ಡ್ ಆಗುವುದು ಇಷ್ಟವಿಲ್ಲ. ಕ್ಯಾಮೆರಾ ಎಲ್ಲಿಡುತ್ತೀರಿ? ಸ್ವತಃ ನಡೆಸಿದವರು ಹೇಳಿದರೆ ಜಾಸ್ತಿ ಅನುಕೂಲ.