ಗಟ್ಟಿಮೇಳದ ಸದ್ದಿನಲ್ಲಿ ಸೆಕೆಂಡ್ ಶೂಟರ್ ಜೊತೆ, ಲೈಟ್ ಹುಡುಗರ ಜೊತೆ ಹೇಗೆ ಮಾತಾಡುತ್ತೀರಿ?

ಹಾಸನ_ಸ್ಟುಡಿಯೋ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಇಷ್ಟು ವರ್ಷ ಮದುವೆಗೆ ನಾನು, ಒಬ್ಬರು ವಿಡಿಯೋದವರು, ಒಬ್ಬ ಲೈಟ್ ಹುಡುಗ, ಅಷ್ಟೇ ಹೋಗುತ್ತಿದ್ದೆವು. ಈಗ ಮನೆಯವರೇ ಕ್ಯಾಂಡಿಡ್ (ಪೋಸ್ ಕೊಡದೆ ಸಹಜವಾಗಿ ತೆಗೆಯುವುದು) ಬೇರೆ ಬೇಕು, ಟ್ರೆಡಿಷನಲ್ ಬೇರೆ ಬೇಕು ಎಂದು ಕೇಳುತ್ತಾರೆ. ಹಾಗಾಗಿ ಸೆಕೆಂಡ್ ಶೂಟರ್ (ನನ್ನ ಜೊತೆ ಫೋಟೋ ತೆಗೆಯುವ ಎರಡನೇ ಫೋಟೋಗ್ರಾಫರ್) ಒಬ್ಬರು, ಲೈಟಿಗೆ ಇನ್ನೊಬ್ಬ ಹುಡುಗ ಸೇರಿದ್ದಾರೆ. ಜನ ಜಾಸ್ತಿ ಆದ ಮೇಲೆ ಮಾತಾಡುವುದೇ ಕಷ್ಟವಾಗಿದೆ.

ಆರತಕ್ಷತೆಯಲ್ಲಿ ಹೇಗೋ ನಡೆಯುತ್ತದೆ. ತೊಂದರೆ ಇರುವುದು ಮುಹೂರ್ತದಲ್ಲಿ. ವಾಲಗ ಜೋರಾಗಿರುತ್ತದೆ, ಮಂಟಪದ ಸುತ್ತ ನೆಂಟರು ಫೋನ್ ಎತ್ತಿಕೊಂಡು ನಿಂತಿರುತ್ತಾರೆ, ನಾನು ಇತ್ತ ಕಡೆ ಇದ್ದರೆ ಸೆಕೆಂಡ್ ಶೂಟರ್ ಎಲ್ಲಿದ್ದಾರೆ ಎನ್ನುವುದೇ ಕಾಣುವುದಿಲ್ಲ. ವೇದಿಕೆ ಮೇಲೆ ನಿಂತು "ಲೈಟ್, ಲೈಟ್" ಎಂದು ಕೂಗುವುದು ನನಗೆ ಇಷ್ಟವಿಲ್ಲ. ಮಂತ್ರ ಹೇಳುವ ಹೊತ್ತಿನಲ್ಲಿ ನಮ್ಮ ದನಿ ವಿಡಿಯೋದಲ್ಲೂ ಬರುತ್ತದೆ, ಮನೆಯವರಿಗೂ ಬೇಸರ.

ನೀವು ವಾಕಿಟಾಕಿ ಬಳಸುತ್ತೀರಾ? ಇಯರ್‌ಫೋನ್ ಹಾಕಿಕೊಂಡು ಫೋನ್ ಕಾಲ್‌ನಲ್ಲೇ ಇರುತ್ತೀರಾ? ಬರೀ ಕೈ ಸನ್ನೆ ಸಾಕಾ? ಸೀಸನ್‌ನಲ್ಲಿ ಸೆಕೆಂಡ್ ಶೂಟರ್‌ಗಳು ಪ್ರತಿ ಸಲ ಒಬ್ಬರೇ ಸಿಗುವುದಿಲ್ಲ. ಒಂದು ಸಲ ಅರಸೀಕೆರೆಯಿಂದ ಬರುತ್ತಾರೆ, ಇನ್ನೊಂದು ಸಲ ಚನ್ನರಾಯಪಟ್ಟಣದಿಂದ. ಛತ್ರದ ಬಾಗಿಲಲ್ಲೇ ಮೊದಲ ಭೇಟಿ. ಅಂಥವರ ಜೊತೆ ಹೇಗೆ ಹೊಂದಿಸಿಕೊಳ್ಳುವುದು, ಅದನ್ನೂ ಹೇಳಿ.

ಬೇಲೂರು_ರಸ್ತೆ:

ಅಣ್ಣ, ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮುಹೂರ್ತದಲ್ಲಿ ಮಾತಾಡುವ ಅಗತ್ಯ ಬಂದಿದೆ ಎಂದರೆ ಬೆಳಿಗ್ಗೆ ಆಡಬೇಕಾದ ಮಾತು ಉಳಿದಿದೆ ಎಂದೇ ಅರ್ಥ. ಯಾವ ಮಷೀನು ಕೊಂಡರೂ ಆ ಕೊರತೆ ತುಂಬುವುದಿಲ್ಲ.

ನಾನು ಮಾಡುವುದು ಹೀಗೆ. ಛತ್ರ ತಲುಪಿದ ಕೂಡಲೇ ಬ್ಯಾಗ್ ಇಳಿಸಿ ಎಲ್ಲರನ್ನೂ ಕರೆದುಕೊಂಡು ಖಾಲಿ ಮಂಟಪದ ಹತ್ತಿರ ಹೋಗುತ್ತೇನೆ. ಯಾವ ಶಾಸ್ತ್ರದಲ್ಲಿ ಯಾರು ಎಲ್ಲಿ ನಿಲ್ಲಬೇಕು ಎಂದು ಅಲ್ಲೇ ನಿಂತು ತೋರಿಸುತ್ತೇನೆ. ಅಂತರಪಟ ಹಿಡಿದಾಗ ಒಬ್ಬರಿಗೆ ಹುಡುಗಿ ಮುಖ, ಇನ್ನೊಬ್ಬರಿಗೆ ಹುಡುಗನ ಮುಖ. ಪಟ ಸರಿದು ಜೀರಿಗೆ ಬೆಲ್ಲ ಹಾಕುವಾಗ ಯಾರೂ ಜಾಗ ಬಿಡಬಾರದು, ಏಕೆಂದರೆ ಇಬ್ಬರ ಮುಖದಲ್ಲೂ ನಗು ಬರುವುದು ಒಟ್ಟಿಗೇ. ತಾಳಿ ಕಟ್ಟುವಾಗ ನಾನು 24-70 ಲೆನ್ಸ್ ಹಾಕಿಕೊಂಡು ಹತ್ತಿರ ಇರುತ್ತೇನೆ, ಸೆಕೆಂಡ್ ಶೂಟರ್ ದೂರದ್ದನ್ನು ಹತ್ತಿರ ತೋರಿಸುವ 70-200 ಲೆನ್ಸ್ ಹಿಡಿದು ದೂರದಿಂದ ಅಪ್ಪ ಅಮ್ಮನ ಮುಖ, ಅಕ್ಷತೆ ಹಾಕುವ ಜನ, ಇದನ್ನು ನೋಡಿಕೊಳ್ಳುತ್ತಾರೆ. ನನಗೆ ಆ ಕ್ಷಣ ಸಿಗಲಿಲ್ಲ ಎಂದು ಅನುಮಾನ ಬಂದರೂ ಅವರು ನನ್ನ ಹತ್ತಿರ ಓಡಿ ಬರಬಾರದು. ಅವರ ಕೆಲಸ ಅವರದು.

ಇನ್ನೊಂದು ಮುಖ್ಯ ವಿಷಯ ಪುರೋಹಿತರು. ಶುರುವಾಗುವ ಮುಂಚೆ ಅವರ ಹತ್ತಿರ ಹೋಗಿ ನಮಸ್ಕಾರ ಮಾಡಿ, ಇವತ್ತು ಯಾವ ಕ್ರಮದಲ್ಲಿ ಮಾಡಿಸುತ್ತೀರಿ ಸ್ವಾಮಿ ಎಂದು ಕೇಳಿ. ನಮ್ಮ ಕಡೆ ಒಂದೊಂದು ಮನೆತನದಲ್ಲಿ ಒಂದೊಂದು ಕ್ರಮ. ಒಕ್ಕಲಿಗರ ಮದುವೆಯಲ್ಲಿ ಧಾರೆಗೆ ಹಾಲೆರೆಯಲು ಸಾಲುಗಟ್ಟಿ ಜನ ಬರುತ್ತಾರೆ, ಅಲ್ಲಿ ನಿಂತಷ್ಟು ಹೊತ್ತು ಬೇರೆ ಕಡೆ ಹೋಗಲಾಗದು. ಲಿಂಗಾಯತರ ಮನೆಯಲ್ಲಿ ರೀತಿಯೇ ಬೇರೆ. ಇದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಗಟ್ಟಿಮೇಳದ ಬಗ್ಗೆ ಕೇಳಿದಿರಿ. ವಾಲಗದವರು ಯಾರನ್ನು ನೋಡುತ್ತಾರೆ ಹೇಳಿ? ಪುರೋಹಿತರ ಕೈಯನ್ನು. ಅವರು ಕೈ ಎತ್ತಿದ ಕೂಡಲೇ ಡೋಲು ಜೋರಾಗುತ್ತದೆ. ನಮ್ಮ ತಂಡದವರಿಗೂ ಅದೇ ಸೂಚನೆ ಸಾಕು. ಆ ಕೈ ಮೇಲೆದ್ದರೆ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಸಿದ್ಧ. ನಾನು ಬೇರೆ ಕೂಗುವ ಅವಶ್ಯಕತೆಯೇ ಇಲ್ಲ. ಜಾಗ ಹೇಳುವಾಗ ಮಾತ್ರ ಎಡ, ಬಲ ಎನ್ನಬೇಡಿ. ಎದುರು ಬದುರು ನಿಂತಾಗ ನನ್ನ ಎಡ ನಿಮ್ಮ ಬಲ. ಗಂಡಿನ ಕಡೆ, ಹೆಣ್ಣಿನ ಕಡೆ ಎಂದು ಹೇಳಿ.

ಮೂಡಿಗೆರೆ_ಮಳೆ:

ಬೇಲೂರು ರಸ್ತೆಯವರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಗಂಡಿನ ಕಡೆ, ಹೆಣ್ಣಿನ ಕಡೆ ಎನ್ನುವುದೂ ಮಂಟಪದಲ್ಲಿ ಕೈ ಕೊಡುತ್ತದೆ ಸರ್. ತುಂಬ ಮನೆಗಳಲ್ಲಿ ಮೊದಲು ಹುಡುಗಿಯನ್ನು ಹುಡುಗನ ಬಲಕ್ಕೆ ಕೂರಿಸುತ್ತಾರೆ, ತಾಳಿ ಆದ ಮೇಲೆ ಎಡಕ್ಕೆ. ಮಧ್ಯದಲ್ಲೇ ಜಾಗ ಬದಲಾದರೆ ನಿಮ್ಮ ಹೊಸ ಹುಡುಗ ಯಾವ ಕಡೆ ಹೋಗಬೇಕು? ನಾವು ಕದಲದ ಗುರುತು ಇಟ್ಟುಕೊಳ್ಳುತ್ತೇವೆ. ವಾಲಗದ ಕಡೆ, ಊಟದ ಹಾಲ್ ಕಡೆ, ಬಾಗಿಲ ಕಡೆ. ಛತ್ರದಲ್ಲಿ ಇವು ಮದುವೆ ಮುಗಿಯುವ ತನಕ ಅಲ್ಲೇ ಇರುತ್ತವೆ.

ನಾನು ಜಾಸ್ತಿ ಸೆಕೆಂಡ್ ಶೂಟರ್ ಆಗಿಯೇ ಹೋಗುವವಳು, ಚಿಕ್ಕಮಗಳೂರು, ಸಕಲೇಶಪುರ ಕಡೆ. ನನ್ನನ್ನು ಕರೆಯುವವರಿಂದ ನನಗೆ ಬೇಕಾಗಿರುವುದು ದೊಡ್ಡ ಪಟ್ಟಿಯಲ್ಲ. ಹಿಂದಿನ ರಾತ್ರಿ ಒಂದು ವಾಟ್ಸಾಪ್ ಮೆಸೇಜ್ ಸಾಕು. ಮುಹೂರ್ತ ಎಷ್ಟು ಹೊತ್ತಿಗೆ, ಮನೆಯಲ್ಲಿ ಯಾರ ಫೋಟೋ ತಪ್ಪಲೇಬಾರದು, ಹುಡುಗಿ ಕೋಣೆಗೆ ನಾನು ಎಷ್ಟು ಗಂಟೆಗೆ ಹೋಗಬೇಕು. ಅಜ್ಜಿಗೆ ಹುಷಾರಿಲ್ಲ, ಬೇಗ ಮನೆಗೆ ಹೋಗುತ್ತಾರೆ ಎನ್ನುವ ವಿಷಯ ನಿಮಗೆ ಗೊತ್ತಿದ್ದು ನನಗೆ ಗೊತ್ತಿಲ್ಲದಿದ್ದರೆ ಆ ಫೋಟೋ ಹೋಯಿತು ಅಂತಲೇ ಲೆಕ್ಕ. ಮತ್ತೆ ಯಾವತ್ತೂ ಸಿಗುವುದಿಲ್ಲ.

ಎರಡೂ ಕಡೆಯಿಂದ ಒಬ್ಬೊಬ್ಬರನ್ನು ಗೊತ್ತು ಮಾಡಿಕೊಳ್ಳಿ, ಮಾವನೋ, ಚಿಕ್ಕಮ್ಮನೋ, ಎಲ್ಲರ ಹೆಸರು ಗೊತ್ತಿರುವವರು. ಅವರ ನಂಬರ್ ನಮ್ಮೆಲ್ಲರ ಫೋನಿನಲ್ಲಿ ಇರಬೇಕು. ಗ್ರೂಪ್ ಫೋಟೋಗೆ ಜನ ಸೇರಿಸುವುದು ಫೋಟೋಗ್ರಾಫರ್ ದನಿಯಿಂದ ಆಗುವ ಕೆಲಸವಲ್ಲ.

ಫೋನ್ ಕಾಲ್ ಬಗ್ಗೆ ಹೇಳುವುದಾದರೆ, ಒಂದು ಕಿವಿಗೆ ಇಯರ್‌ಫೋನ್ ಹಾಕಿ ಕಾಲ್‌ನಲ್ಲಿ ಇರುವುದು ಆರತಕ್ಷತೆಗೆ, ಊಟದ ಪಂಕ್ತಿ ತೆಗೆಯುವಾಗ, ಹೊರಗಡೆ ಜೋಡಿ ಫೋಟೋಗೆ ಚೆನ್ನಾಗಿ ಆಗುತ್ತದೆ. ವಾಲಗದ ಪಕ್ಕ ಮೈಕಿಗೆ ಡೋಲು ಬಿಟ್ಟು ಏನೂ ಕೇಳುವುದಿಲ್ಲ. ಇನ್ನು ಕಾಫಿ ತೋಟದ ಮನೆ, ಹೋಮ್‌ಸ್ಟೇ ಮದುವೆಗಳಲ್ಲಿ ನೆಟ್‌ವರ್ಕ್ ನಂಬಿಕೊಂಡು ಕೂರಲು ಆಗದು, ಮಳೆಗಾಲ ಆದರಂತೂ ಕರೆಂಟೂ ಇರುವುದಿಲ್ಲ. ಅಲ್ಲಿ ಇಂತಿಷ್ಟು ಹೊತ್ತಿಗೆ ಇಂಥ ಜಾಗದಲ್ಲಿ ಸೇರುವುದು ಎಂದು ಮೊದಲೇ ಮಾತಾಡಿಕೊಳ್ಳಬೇಕು.

ಸಕಲೇಶಪುರ_ಘಾಟಿ:

ವಾಕಿಟಾಕಿ ಕೊಳ್ಳುವ ಮುಂಚೆ ಒಂದು ಮಾತು. ಆನ್‌ಲೈನಲ್ಲಿ ಕಡಿಮೆ ಬೆಲೆಗೆ ಸಿಗುವುದನ್ನೆಲ್ಲ ತರಿಸಬೇಡಿ. ನಮ್ಮ ದೇಶದಲ್ಲಿ ಎಲ್ಲ ಫ್ರೀಕ್ವೆನ್ಸಿಯನ್ನೂ ಲೈಸೆನ್ಸ್ ಇಲ್ಲದೆ ಬಳಸುವಂತಿಲ್ಲ. 2018ರ ನಿಯಮದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ಒಳಗಿನ ಸಣ್ಣ ಸೆಟ್‌ಗಳಿಗೆ ಲೈಸೆನ್ಸ್ ಬೇಡ ಎಂದಿದೆ. ಸೆಟ್‌ಗೆ ಸರಕಾರದ ಇಟಿಎ, ಅಂದರೆ ಆ ಮಾದರಿಯ ಸಲಕರಣೆಗೆ ಕೊಡುವ ಒಪ್ಪಿಗೆ, ಕೂಡ ಇರಬೇಕು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ ಇದೇ ವಿಷಯಕ್ಕೆ ನೋಟಿಸ್ ಕೊಟ್ಟಿತ್ತು. ಡಬ್ಬದ ಮೇಲೆ ಫ್ರೀಕ್ವೆನ್ಸಿ ನೋಡಿಯೇ ತೆಗೆದುಕೊಳ್ಳಿ.

ದೊಡ್ಡ ರೆಸಾರ್ಟ್ ಮದುವೆಗೆ, ಪಾರ್ಕಿಂಗ್‌ನಿಂದ ಮದುವೆ ಹುಡುಗ ಬಂದ ಎಂದು ತಿಳಿಸಲು ಅದು ಉಪಯೋಗ. ಮಂಟಪದಲ್ಲಿ ಆ ಕರಕರ ಸದ್ದು ಬೇಡವೇ ಬೇಡ.

ಮತ್ತೊಂದು, ಯಾರೂ ಹೇಳಲಿಲ್ಲ. ನಮ್ಮ ಕಡೆ ಗಂಡಿನವರು ಒಬ್ಬ ಫೋಟೋಗ್ರಾಫರ್, ಹೆಣ್ಣಿನವರು ಇನ್ನೊಬ್ಬರು ಕರೆಸುವುದು ಮಾಮೂಲು ಅಲ್ವಾ? ಆ ಇನ್ನೊಂದು ತಂಡದ ಜೊತೆ ಮೊದಲು ಮಾತಾಡಿ. ಗೋಡಾಕ್ಸ್ ಟ್ರಿಗರ್‌ನಲ್ಲಿ (ಕ್ಯಾಮೆರಾ ಮೇಲಿಟ್ಟು ದೂರದ ಫ್ಲ್ಯಾಶ್ ಹೊಡೆಸುವ ಸಾಧನ) 32 ಚಾನೆಲ್ ಇವೆ, ಆದರೆ ಎಲ್ಲರೂ ಪೆಟ್ಟಿಗೆಯಿಂದ ತೆಗೆದ ಹಾಗೇ ಒಂದನೇ ಚಾನೆಲ್‌ನಲ್ಲಿ ಇಟ್ಟುಕೊಂಡಿರುತ್ತಾರೆ. ಅವರು ಕ್ಲಿಕ್ ಮಾಡಿದರೆ ನಿಮ್ಮ ಫ್ಲ್ಯಾಶ್ ಹೊಡೆಯುತ್ತದೆ. ಎರಡು ನಿಮಿಷದ ಮಾತಿನಲ್ಲಿ ಮುಗಿಯುವ ವಿಷಯ, ಮಾತಾಡದಿದ್ದರೆ ಮುಹೂರ್ತ ಪೂರ್ತಿ ಜಗಳ.

ಲೈಟ್_ಹಿಡಿಯುವವನು:

ಸರ್, ನಾನು ಫೋಟೋಗ್ರಾಫರ್ ಅಲ್ಲ, ಲೈಟ್ ಹಿಡಿಯುತ್ತೇನೆ, ಕಡೂರು ತರೀಕೆರೆ ಕಡೆಯ ಮದುವೆಗಳಿಗೆ ಹೋಗುತ್ತೇನೆ. ನಮ್ಮ ಕಡೆಯ ಮಾತೂ ಕೇಳಿ.

ಸನ್ನೆ ಸಾಕು ಸರ್. ಆದರೆ ನಾಲ್ಕೈದಕ್ಕಿಂತ ಜಾಸ್ತಿ ಬೇಡ, ನೆನಪಿರುವುದಿಲ್ಲ. ನಾನು ಕೆಲಸ ಮಾಡುವ ಅಣ್ಣ ಅಂಗೈ ಮೇಲೆತ್ತಿದರೆ ಲೈಟ್ ಎತ್ತರಿಸುತ್ತೇನೆ, ಮುಷ್ಟಿ ಹಿಡಿದರೆ ಇದ್ದಲ್ಲೇ ನಿಲ್ಲುತ್ತೇನೆ, ಬೆರಳು ಸುತ್ತಿಸಿದರೆ ಹಿಂದಿನಿಂದ ಬಂದು ಬ್ಯಾಕ್‌ಲೈಟ್ ಕೊಡುತ್ತೇನೆ, ಎದೆ ತಟ್ಟಿಕೊಂಡರೆ ಬ್ಯಾಟರಿ ತರುತ್ತೇನೆ. ಫ್ಲ್ಯಾಶ್ ಪವರ್ ಅವರೇ ಟ್ರಿಗರ್‌ನಲ್ಲಿ ಬದಲಾಯಿಸುತ್ತಾರೆ, ಅದಕ್ಕೆ ಸನ್ನೆ ಬೇಡ. ನನ್ನ ಕಡೆಯಿಂದ ಒಂದೇ ಸನ್ನೆ, ಹೆಬ್ಬೆರಳು. ನೋಡಿದೆ, ಅರ್ಥ ಆಯಿತು ಎಂದು. ಅದು ಕಾಣದಿದ್ದರೆ ಅವರು ಇನ್ನೊಮ್ಮೆ ತೋರಿಸುತ್ತಾರೆ.

ಹೊಸ ಹುಡುಗರಿಗೆ ಬರೀ ಅಲ್ಲಿ ನಿಲ್ಲು ಎನ್ನಬೇಡಿ, ಯಾಕೆ ಎಂದೂ ಹೇಳಿ. ಕಂಬದ ನೆರಳು ಹುಡುಗಿ ಮುಖದ ಮೇಲೆ ಬೀಳುತ್ತದೆ, ಅದಕ್ಕೆ ಈ ಕಡೆ ಬಾ ಎಂದರೆ ಮುಂದಿನ ಸಲ ಅವನೇ ನೋಡಿಕೊಂಡು ನಿಲ್ಲುತ್ತಾನೆ. ಇಲ್ಲದಿದ್ದರೆ ಪ್ರತಿ ಮದುವೆಯಲ್ಲೂ ಹೇಳುತ್ತಲೇ ಇರಬೇಕು.

ಜನರ ಮುಂದೆ ಬೈಯಬೇಡಿ ಸರ್. ವೇದಿಕೆ ಮೇಲೆ ಬೈಸಿಕೊಂಡ ಹುಡುಗ ಆಮೇಲೆ ನಿಮ್ಮ ಮುಖ ನೋಡುವುದಕ್ಕೇ ಹೆದರುತ್ತಾನೆ. ಮುಖ ನೋಡದವನಿಗೆ ಸನ್ನೆ ಹೇಗೆ ಕಾಣುತ್ತದೆ? ಊಟಕ್ಕೂ ಮೊದಲೇ ಹೇಳಿ, ಯಾರು ಯಾವ ಪಂಕ್ತಿಯಲ್ಲಿ ಕೂರಬೇಕು ಎಂದು. ಬೆಳಗಿನ ಜಾವ ಬಂದವರು ನಾವು, ಮಧ್ಯಾಹ್ನದ ತನಕ ಹಸಿದಿದ್ದರೆ ಗಮನ ಇರುವುದಿಲ್ಲ.

ಹಾಸನ_ಸ್ಟುಡಿಯೋ:

ಎಲ್ಲರಿಗೂ ತುಂಬ ಧನ್ಯವಾದ. ತಮ್ಮ, ನೀನು ಬರೆದದ್ದನ್ನು ನಮ್ಮ ಹುಡುಗರಿಗೆ ಓದಿ ಹೇಳುತ್ತೇನೆ. ಅವರಿಗೂ ಇದೇ ಹೇಳುವುದಿರುತ್ತದೆ, ಹೇಳಲು ಸಂಕೋಚ.

ವಾಕಿಟಾಕಿ ಸದ್ಯಕ್ಕೆ ಬೇಡ ಎಂದು ತೀರ್ಮಾನಿಸಿದೆ. ಖಾಲಿ ಮಂಟಪದಲ್ಲಿ ಒಂದು ಸಲ ನಿಂತು ನೋಡುವುದು, ಪುರೋಹಿತರ ಜೊತೆ ಮಾತು, ಕದಲದ ಗುರುತು, ಇವನ್ನು ಶ್ರಾವಣದ ಮದುವೆಗಳಿಂದಲೇ ಶುರು ಮಾಡುತ್ತೇನೆ. ಇನ್ನೊಂದು ಕೇಳುವುದಿದೆ. ಹೊರಗಿನಿಂದ ಬಂದ ಸೆಕೆಂಡ್ ಶೂಟರ್ ಜೊತೆ ಸೆಟ್ಟಿಂಗ್ ಏನೇನು ಹೊಂದಿಸಿಕೊಳ್ಳಬೇಕು? ಎಡಿಟ್‌ಗೆ ಕೂತಾಗ ಅವರ ಫೋಟೋ ಒಂದು ಬಣ್ಣ, ನನ್ನದು ಒಂದು ಬಣ್ಣ. ಮೆಮೊರಿ ಕಾರ್ಡ್ ಯಾರ ಹತ್ತಿರ ಇರಬೇಕು?

ಮೂಡಿಗೆರೆ_ಮಳೆ:

ಮೊದಲು ಗಡಿಯಾರ ಸರ್. ಎಲ್ಲ ಕ್ಯಾಮೆರಾದಲ್ಲೂ ಟೈಮ್ ಒಂದೇ ಮಾಡಿ. ಆಮೇಲೆ ಒಂದೇ ಫೋನಿನ ಗಡಿಯಾರವನ್ನು ಎಲ್ಲರೂ ಒಂದೊಂದು ಫೋಟೋ ತೆಗೆದುಕೊಳ್ಳಿ. ವ್ಯತ್ಯಾಸ ಉಳಿದಿದ್ದರೂ ಎಡಿಟ್ ಮಾಡುವ ಲೈಟ್‌ರೂಮ್‌ನಲ್ಲಿ ಅದನ್ನು ನೋಡಿ ಸರಿ ಮಾಡಬಹುದು, ಫೋಟೋಗಳು ಶಾಸ್ತ್ರದ ಕ್ರಮದಲ್ಲೇ ಕೂರುತ್ತವೆ. ಎಲ್ಲರೂ ರಾ (ಆಮೇಲೆ ಬಣ್ಣ ತಿದ್ದಲು ಅನುಕೂಲವಾಗುವ ಮೂಲ ಫೈಲ್) ತೆಗೆಯಬೇಕು. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಹೊಂದಿಸುವ ಸೆಟ್ಟಿಂಗ್) ಆಟೋದಲ್ಲಿ ಬಿಡದೆ ಆ ಹಾಲ್‌ಗೆ ಒಂದು ಕೆಲ್ವಿನ್ ಅಂಕಿ ನೋಡಿ ಇಬ್ಬರೂ ಅದನ್ನೇ ಇಟ್ಟುಕೊಳ್ಳಿ. ಛತ್ರದ ಎಲ್‌ಇಡಿ ಲೈಟ್ ನಮ್ಮ 50 ಹರ್ಟ್ಸ್ ಕರೆಂಟಿಗೆ ಸೆಕೆಂಡಿಗೆ 100 ಸಲ ಮಿನುಗಬಹುದು, ಅದಕ್ಕೆ ಶಟರ್ 1/50 ಅಥವಾ 1/100 ಸೆಕೆಂಡ್ ಇಟ್ಟುಕೊಂಡರೆ ಫೋಟೋದಲ್ಲಿ ಅಡ್ಡ ಪಟ್ಟಿ ಬರುವುದು ಕಡಿಮೆ. ಸೈಲೆಂಟ್ ಶಟರ್ ಆನ್ ಮಾಡಿಕೊಂಡು ಬಂದವರಿಗೆ ಇದನ್ನು ಮುಖ್ಯವಾಗಿ ಹೇಳಿ.

ಕಾರ್ಡ್ ನಿಮ್ಮದೇ ಕೊಡಿ. ಬೆಳಿಗ್ಗೆ ಫಾರ್ಮ್ಯಾಟ್ ಮಾಡಿ ಕೊಟ್ಟು, ಸಂಜೆ ಎಣಿಸಿ ವಾಪಸ್ ತೆಗೆದುಕೊಂಡು, ಛತ್ರ ಬಿಡುವ ಮುಂಚೆಯೇ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿ. ನಮ್ಮಂಥವರು ನಮ್ಮ ಇನ್‌ಸ್ಟಾಗ್ರಾಮ್‌ಗೆ ಆ ಫೋಟೋ ಹಾಕಬಹುದಾ, ಯಾವಾಗ ಹಾಕಬಹುದು ಎನ್ನುವುದನ್ನೂ ಒಪ್ಪಿಕೊಳ್ಳುವ ದಿನವೇ ಬರೆದು ಕಳಿಸಿ. ದುಡ್ಡು ಯಾವತ್ತು ಕೊಡುತ್ತೀರಿ ಎಂಬುದನ್ನೂ ಅದರಲ್ಲೇ ಬರೆಯಿರಿ. ಕೇಳಲು ನಮಗೆ ಮುಜುಗರ ಆಗುತ್ತದೆ, ನೀವೇ ಮೊದಲು ಹೇಳಿದರೆ ಒಳ್ಳೆಯದು.