ಪದ ಬೇಕು: ಬ್ರಿಜ್ ಆಟದ 'ಎಕ್ಸ್‌ಪರ್ಟ್'ಗೆ ಏನನ್ನೋಣ? (ನಾಳೆಗೇ ಬೇಕು)

ಗೆಳೆಯರೇ, ನಮ್ಮ ಬ್ರಿಜ್ (ಇಬ್ಬಿಬ್ಬರು ಜೋಡಿಯಾಗಿ ಆಡುವ ಎಲೆಯಾಟ) ಕೂಟಕ್ಕೆ ಹೆಸರು ಬರೆಸುವ ಚೀಟಿ ಕನ್ನಡದಲ್ಲಿ ಮಾಡುತ್ತಿದ್ದೇನೆ. ಒಬ್ಬರೇ ಬಂದವರು ತಮ್ಮ ಮಟ್ಟಕ್ಕೆ ಗುರುತು ಹಾಕಿದರೆ ಜೊತೆ ಹುಡುಕಿ ಕೊಡುತ್ತೇವೆ. ಇಂಟರ್ನೆಟ್ಟಿನಲ್ಲಿ ಈ ಆಟ ಆಡಿಸುವ ಬ್ರಿಜ್ ಬೇಸ್ ಆನ್‌ಲೈನ್‌ನ ಮೆಟ್ಟಿಲುಗಳನ್ನೇ ಇಟ್ಟುಕೊಂಡಿದ್ದೇನೆ: ನೋವಿಸ್, ಬಿಗಿನರ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್‌ಡ್, ಎಕ್ಸ್‌ಪರ್ಟ್, ವರ್ಲ್ಡ್ ಕ್ಲಾಸ್. ನೋವಿಸ್ ಅಂದರೆ ಈಗಷ್ಟೇ ಕಲಿತವರು, ಬಿಗಿನರ್ ಅಂದರೆ ಆಡಲು ಶುರು ಮಾಡಿ ವರ್ಷ ತುಂಬದವರು. 'ತಜ್ಞ' ಅಂದರೆ ಟಿವಿ ಚರ್ಚೆಗೆ ಕೂತವರ ಹಾಗೆ ಕೇಳುತ್ತದೆ, ಅಲ್ವಾ?

ಸುಮ್ನೆ ಕೇಳುತ್ತಿಲ್ಲ. ಹೋದ ವಾರ 'ಎಕ್ಸ್‌ಪರ್ಟ್' ಅಂತ ಗುರುತು ಹಾಕಿದವರೊಬ್ಬರು ನನ್ನೆದುರು ಕೂತರು. ನಾನು ಒಂದು ನೋಟ್ರಂಪ್ (ತುರುಪಿಲ್ಲದ ಆಟದ ಕೂಗು) ಅಂದೆ, ಅವರು ಎರಡು ಕಳಾವರ್ ಅಂದರು. ಸ್ಟೇಮನ್ ಅನ್ನೋ ಸಂಕೇತದ ಕೂಗು ಇರಬೇಕು, ನಾಲ್ಕೆಲೆ ಆಟೀನೋ ಇಸ್ಪೀಟೋ ಇದೆಯಾ ಅಂತ ಕೇಳುತ್ತಿದ್ದಾರೆ ಅಂದುಕೊಂಡು ಎರಡು ಆಟೀನ್ ಅಂದೆ. ಅವರು ಪಾಸ್! ಆಟೀನೇ ತುರುಪಾಗಿ ನಿಂತಿತು. ಎಲೆ ಮೇಜಿಗೆ ಹಾಸಿದಾಗ ನೋಡಿದರೆ ಕಳಾವರ್ ಆರು, ಆಟೀನ್ ಒಂದೇ ಒಂದು. ಅವರದು ಸಂಕೇತವಲ್ಲ, ನಿಜಕ್ಕೂ ಕಳಾವರನ್ನೇ ಕೂಗಿದ್ದರು.

ಉತ್ತರ 1
ಹೊಸಬ, ಕಲಿಗ, ನಡುಮಟ್ಟ, ಮೇಲ್ಮಟ್ಟ, ನುರಿತ. 'ನುರಿ' ಅಂದರೆ ಅರೆದು ಪುಡಿಯಾಗುವುದು. ಆಡಿ ಆಡಿ ಅರೆದವನೇ ನುರಿತವನು. 'ಪರಿಣತ', 'ಪ್ರವೀಣ' ಎಲ್ಲ ಸಂಸ್ಕೃತದ ಸಾಲ, ಬೇಡ. 'ಬ್ರಿಜ್' ಕೂಡ ಯಾಕೆ? 'ಸೇತುವೆಯಾಟ' ಅನ್ನಿ.

ಉತ್ತರ 2
ಪಂಟರ್ ಅನ್ನಿ. ಎಲ್ಲರಿಗೂ ಅರ್ಥವಾಗುತ್ತದೆ. ಮುಗೀತು.

ಉತ್ತರ 3
ಪಂಟರ್ ಅಂದರೆ ಇಂಗ್ಲಿಷಿನಲ್ಲಿ ದುಡ್ಡು ಕಟ್ಟಿ ಆಡುವವನು. ಇಸ್ಪೀಟಿನ ಚೀಟಿ ಮೇಲೆ ಅದು ಬೇಕಾ?

ಸೇತುವೆಯವರಿಗೆ: 'ಸೇತು' ಯಾವ ಭಾಷೆ ಸ್ವಾಮಿ? ಅದೂ ಸಂಸ್ಕೃತವೇ. ಹೊಳೆ ದಾಟುವುದಕ್ಕೂ ಈ ಆಟದ ಹೆಸರಿಗೂ ನಂಟೂ ಇಲ್ಲ. 1886ರ ಲಂಡನ್ ಕಿರುಹೊತ್ತಿಗೆಯಲ್ಲಿ ಇದು 'ಬಿರಿಚ್'. ಇನ್ನು ಕಳಾವರ್ ಡಚ್ಚರ 'ಕ್ಲಾವರ್'. ಅದನ್ನೂ ಕಿತ್ತು ಹಾಕಿದರೆ ಕೈಯಲ್ಲಿ ಎಷ್ಟು ಎಲೆ ಉಳಿಯುತ್ತದೆ?

ನುರಿತ ಸರಿ. ಆದರೆ ಅದು ಒಬ್ಬನ ಮಾತು. ಜೋಡಿಗೆ 'ಪಳಗಿದ' ಬೇಕು. ಆನೆ ಮಾವುತನಿಗೆ ಪಳಗುತ್ತದೆ, ಊರಿಗೆಲ್ಲ ಅಲ್ಲ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಜ್ ಆಡಿ ಭಾರತದ ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ ಚಿನ್ನ ಗೆದ್ದದ್ದು ಜೋಡಿಯಾಗಿ. ನಿಮ್ಮೆದುರು ಕೂತವರು ನುರಿತವರೇ ಇರಬಹುದು, ನಿಮಗೆ ಪಳಗಿರಲಿಲ್ಲ.

ಉತ್ತರ 1, ಮತ್ತೆ
ಡಚ್ಚು ಹಳೆಯ ಎರವಲು, ಜನರ ಬಾಯಲ್ಲಿ ಅರೆದು ಕನ್ನಡವಾಗಿದೆ. ಇಂಗ್ಲಿಷ್ ಹಾಗಲ್ಲ. ಅಷ್ಟೂ ಗೊತ್ತಾಗದಿದ್ದರೆ ಚರ್ಚೆ ಯಾಕೆ?

ಕೇಳಿದವನು
ಜಗಳ ನೀವು ಮುಂದುವರಿಸಿ, ನಾನು ಪ್ರಿಂಟ್‌ಗೆ ಕಳಿಸುತ್ತಿದ್ದೇನೆ. ಈಗಷ್ಟೇ ಕಲಿತವರು, ವರ್ಷ ತುಂಬದವರು, ನಡುಮಟ್ಟ, ಮೇಲ್ಮಟ್ಟ, ನುರಿತವರು, ದೇಶಕ್ಕಾಗಿ ಆಡಿದವರು. 'ಕಲಿಗ' ಬಿಟ್ಟೆ, ಕಲಿಯುಗದ ಹಾಗೆ ಕೇಳುತ್ತಿತ್ತು. ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ: 'ಯಾರ ಜೊತೆ ಪಳಗಿದ್ದೀರಿ?' ಮತ್ತೆ, ಒಂದು ನೋಟ್ರಂಪಿಗೆ ಎರಡು ಕಳಾವರ್ ಅಂದರೆ ನಿಮ್ಮಲ್ಲಿ ಏನರ್ಥ, ಅದಕ್ಕೂ ಒಂದು ಖಾಲಿ ಜಾಗ.